ಮಗುವಿನ ಹೊಟ್ಟೆ ಸರಿಯಿಲ್ಲ, ಕಾಯಿಲೆಯ ಹೆಸರೂ ಗೊತ್ತಿಲ್ಲ

ನಿಮ್ಮ ಮಗುವಿಗೆ ಎರಡೂವರೆ ವರ್ಷ ಎಂದುಕೊಳ್ಳಿ. ಐದಾರು ತಿಂಗಳಿಂದ ಹೊಟ್ಟೆ ಒಂದು ದಿನ ಸರಿ, ಎರಡು ದಿನ ಸರಿಯಿಲ್ಲ. ಒಮ್ಮೆ ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಹೋಗುತ್ತದೆ. ಆಮೇಲೆ ಮೂರು ದಿನ ಹೋಗುವುದೇ ಇಲ್ಲ. ಹೊಟ್ಟೆ ಉಬ್ಬಿಕೊಂಡಿದೆ, ಕೈಕಾಲು ಮಾತ್ರ ತೆಳ್ಳಗಾಗುತ್ತಿವೆ. ಮೊದಲು ಅಂಗಳದಲ್ಲಿ ಕೋಳಿಮರಿಗಳ ಹಿಂದೆ ಓಡುತ್ತಿದ್ದ ಮಗು ಈಗ ನಿಮ್ಮ ಸೆರಗು ಹಿಡಿದು ಕೂತೇ ಇರುತ್ತದೆ. ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಹುಳ ಎಂದರು. ಅತ್ತೆ ನಝರ್ ತಾಗಿದೆ ಎಂದರು. ನೆರೆಮನೆಯವರು ‘ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಹೀಗೆಯೇ’ ಎಂದರು. ಕಪಾಟಿನಲ್ಲಿ ಅರ್ಧ ಖಾಲಿಯಾದ ಸಿರಪ್ ಬಾಟಲಿಗಳ ಸಾಲು ಬೆಳೆಯುತ್ತಿದೆ.

ಈ ಸ್ಥಿತಿಯಲ್ಲಿರುವ ತಾಯಿ ತಂದೆಯರಿಗಾಗಿಯೇ ಈ ಲೇಖನ. ರೋಗದ ಹೆಸರು ಗೊತ್ತಾದ ಮೇಲೆ ಏನು ಮಾಡಬೇಕೆಂದು ಡಾಕ್ಟರ್ ಹೇಳುತ್ತಾರೆ. ಹೆಸರು ಸಿಗುವವರೆಗಿನ ತಿಂಗಳುಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಹೇಳುವವರು ಕಡಿಮೆ.

ನೀವು ಅಂಕೋಲಾ ತಾಲ್ಲೂಕಿನ ಶೆಟಗೇರಿಯಂಥ ಊರಿನಲ್ಲಿದ್ದರೆ ದಾರಿ ಹೀಗಿರುತ್ತದೆ: ಮೊದಲು ಹತ್ತಿರದ ಕ್ಲಿನಿಕ್, ನಂತರ ಅಂಕೋಲಾದ ತಾಲ್ಲೂಕು ಆಸ್ಪತ್ರೆ, ಆಮೇಲೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಲ್ಲಿಗೂ ಮುಗಿಯದಿದ್ದರೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲವೆ ಕರಾವಳಿಗುಂಟ ಮಣಿಪಾಲ. ಮಕ್ಕಳ ಕರುಳು ಮತ್ತು ಯಕೃತ್ತಿನ ಕಾಯಿಲೆಗೆಂದೇ ಪರಿಣತಿ ಪಡೆದ ಡಾಕ್ಟರುಗಳು ದೊಡ್ಡ ನಗರಗಳಲ್ಲೇ ಹೆಚ್ಚು. ಪ್ರತಿ ಪ್ರಯಾಣಕ್ಕೂ ಒಂದು ದಿನದ ದುಡಿಮೆ ಹೋಗುತ್ತದೆ. ಸಾಲಿನಲ್ಲಿ ಮೂರು ಗಂಟೆ ಕಾದರೆ ಒಳಗೆ ಸಿಗುವುದು ಐದೋ ಹತ್ತೋ ನಿಮಿಷ. ಆ ಹತ್ತು ನಿಮಿಷಕ್ಕೆ ನೀವು ಏನನ್ನು ಒಯ್ಯುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಒಂದು ನೋಟ್‌ಬುಕ್

ಶಾಲೆಯ ಮಕ್ಕಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳೇ ಸಾಕು. ಎರಡು ವಾರ ಬಿಡದೆ ಬರೆಯಿರಿ. ಮಗು ಎಷ್ಟು ಹೊತ್ತಿಗೆ ಏನು ತಿಂದಿತು, ಏನು ಕುಡಿಯಿತು. ಎಷ್ಟು ಸಲ ಮಲ ಹೋಯಿತು. ಅದು ಗಂಜಿಯಂತಿತ್ತೋ, ಆಡಿನ ಹಿಕ್ಕೆಯಂತೆ ಗಟ್ಟಿಯಾಗಿತ್ತೋ, ಎಣ್ಣೆ ಮೆತ್ತಿದಂತೆ ಜಿಡ್ಡಾಗಿ ನೀರಿನ ಮೇಲೆ ತೇಲುತ್ತಿತ್ತೋ. ಹೊಟ್ಟೆನೋವು ಹಗಲಿನಲ್ಲೋ, ನಿದ್ದೆಯಿಂದ ಎಬ್ಬಿಸುವಷ್ಟೋ. ಯಾವ ಔಷಧ ಕೊಟ್ಟಿರಿ, ಎಷ್ಟು ದಿನ ಕೊಟ್ಟಿರಿ. ಔಷಧದ ಪಟ್ಟಿಯನ್ನೂ ಮಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸಂಕೋಚ ಬೇಡ. ‘ತೆಳ್ಳಗೆ ಹೋಗುತ್ತದೆ’ ಎಂಬ ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ ಕೊಡುತ್ತದೆ, ಫೋಟೋದಲ್ಲಿ ಆ ಗೊಂದಲವಿಲ್ಲ.

ಮೊದಲ ಪುಟದಲ್ಲಿ ಹಳೆಯ ಸಂಗತಿಗಳಿರಲಿ. ಹುಟ್ಟಿದಾಗಿನ ತೂಕ ಎಷ್ಟು? ಹುಟ್ಟಿದ ಎರಡು ದಿನದೊಳಗೆ ಮಗು ಮೊದಲ ಕಪ್ಪು ಮಲ ವಿಸರ್ಜಿಸಿತ್ತೇ? ಹೊರಗಿನ ಹಾಲು ಯಾವಾಗ ಶುರುವಾಯಿತು? ಗೋಧಿಯ ತಿನಿಸು, ಬಿಸ್ಕತ್ತು, ರಸ್ಕ್ ಯಾವಾಗ? ಮಗುವಿನ ಹೊಟ್ಟೆ ಪೂರ್ತಿ ಸರಿಯಾಗಿದ್ದ ಕೊನೆಯ ದಿನಗಳು ಯಾವುವು? ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ಥೈರಾಯ್ಡ್ ಅಥವಾ ಚಿಕ್ಕ ವಯಸ್ಸಿನ ಸಕ್ಕರೆ ಕಾಯಿಲೆ ಇತ್ತೇ? ಈ ಪ್ರಶ್ನೆಗಳಿಗೆ ಡಾಕ್ಟರರ ಎದುರು ಕೂತು ಉತ್ತರ ಹುಡುಕಿದರೆ ಸಿಗುವುದಿಲ್ಲ. ಅಜ್ಜಿಯನ್ನು ಕೇಳಬೇಕು, ತಾಯಿ ಕಾರ್ಡ್ ತೆಗೆದು ನೋಡಬೇಕು.

ಆ ತಾಯಿ ಕಾರ್ಡನ್ನು ಬೀರುವಿನ ತಳದಿಂದ ಹೊರತೆಗೆಯಿರಿ. ಅದರಲ್ಲಿರುವ ಬೆಳವಣಿಗೆಯ ನಕ್ಷೆ ಯಾವ ಸ್ಕ್ಯಾನಿಂಗಿಗೂ ಕಡಿಮೆಯಲ್ಲ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಮಗುವಿನ ತೂಕ 5 ತಿಂಗಳಿಗೆ ಹುಟ್ಟಿದಾಗಿನ ಎರಡರಷ್ಟು, ವರ್ಷಕ್ಕೆ ಮೂರರಷ್ಟು, ಎರಡು ವರ್ಷಕ್ಕೆ ನಾಲ್ಕರಷ್ಟಾಗುತ್ತದೆ. ಅಲ್ಲಿಂದ ಮುಂದೆ ವರ್ಷಕ್ಕೆ ಸುಮಾರು 2 ಕಿಲೋ ಏರುತ್ತದೆ. ಒಂದು ತಿಂಗಳ ತೂಕದಿಂದ ಏನೂ ತಿಳಿಯುವುದಿಲ್ಲ, ಗೆರೆ ನೋಡಬೇಕು. ಏರುತ್ತಿದ್ದ ಗೆರೆ ನಾಲ್ಕಾರು ತಿಂಗಳಿಂದ ಮಟ್ಟಸವಾಗಿದ್ದರೆ ‘ನಮ್ಮ ಮನೆಯವರೆಲ್ಲ ಸಣಕಲೇ’ ಎಂದು ಸುಮ್ಮನಿರಬೇಡಿ. ಅಂಗನವಾಡಿಯಲ್ಲಿ ಪ್ರತಿ ತಿಂಗಳೂ ತೂಕ ಹಾಕಿಸಿ, ಎತ್ತರವನ್ನೂ ಅಳೆಯಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಅವರು ಬರುವ ದಿನ ಕೇಳಿಟ್ಟುಕೊಂಡು ಮಗುವನ್ನು ತೋರಿಸಿದರೆ ಮೇಲಿನ ಆಸ್ಪತ್ರೆಗೆ ಚೀಟಿ ಅಲ್ಲಿಂದಲೇ ಸಿಗುತ್ತದೆ.

ಕಾದು ನೋಡಬಾರದ ಲಕ್ಷಣಗಳು

ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ಹಸಿರು ಬಣ್ಣದ ವಾಂತಿ, ಬಿಡದ ಜ್ವರ, ಬಿಗಿದುಕೊಂಡ ಹೊಟ್ಟೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಗುದದ್ವಾರದ ಸುತ್ತ ಹುಣ್ಣು, ಇಳಿಯುತ್ತಿರುವ ತೂಕ. ಇವುಗಳಲ್ಲಿ ಒಂದು ಕಂಡರೂ ನೋಟ್‌ಬುಕ್ ತುಂಬುವವರೆಗೆ ಕಾಯಬೇಡಿ. ಕಣ್ಣು ಗುಳಿಬಿದ್ದು, ಬಾಯಿ ಒಣಗಿ, ಆರು ತಾಸಿನಿಂದ ಮೂತ್ರ ಹೋಗದಿದ್ದರೆ ಅಥವಾ ಮಗು ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ಅದೇ ರಾತ್ರಿ ಹೊರಡಿ. ದಾರಿಯುದ್ದಕ್ಕೂ ಓ.ಆರ್.ಎಸ್. ನೀರನ್ನು ಚಮಚದಲ್ಲಿ ಕುಡಿಸುತ್ತಿರಿ. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಅರ್ಧ ಮಾಡಿ ಮಗುವಿಗೆ ಕೊಡುವುದು ಬಹಳ ಅಪಾಯ, ಕರುಳಿನ ಚಲನೆಯೇ ನಿಂತುಹೋಗಬಹುದು.

ಭೇದಿಯಂತೆ ಕಾಣುವ ಮಲಬದ್ಧತೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮನೆಗಳಲ್ಲಿ ಮಕ್ಕಳು ಇದಕ್ಕಾಗಿ ಪೆಟ್ಟು ತಿನ್ನುತ್ತವೆ.

ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಹಲವು ಬಾರಿ ಚಡ್ಡಿಯಲ್ಲೇ ಸ್ವಲ್ಪ ಸ್ವಲ್ಪ ತೆಳು ಮಲ ಮಾಡಿಕೊಳ್ಳುತ್ತದೆ. ಕೇಳಿದರೆ ‘ನನಗೆ ಗೊತ್ತಾಗಲಿಲ್ಲ’ ಎನ್ನುತ್ತದೆ. ಅದು ನಿಜ. ಹಿಂದೆಂದೋ ಗಟ್ಟಿ ಮಲ ಹೋಗುವಾಗ ನೋವಾಗಿರುತ್ತದೆ. ಮಗು ಹೆದರಿ, ಕಾಲು ಬಿಗಿಹಿಡಿದು, ಮೂಲೆಯಲ್ಲಿ ನಿಂತು ತಡೆದುಕೊಳ್ಳುವುದನ್ನು ಕಲಿಯುತ್ತದೆ. ತಡೆದಷ್ಟೂ ಮಲ ಗಟ್ಟಿಯಾಗಿ ಕೂಡಿ, ಮಲಾಶಯ ಹಿಗ್ಗಿ, ‘ಹೋಗಬೇಕು’ ಎಂಬ ಸೂಚನೆಯೇ ಮಂಕಾಗುತ್ತದೆ. ಮೇಲಿನಿಂದ ಬರುವ ತೆಳು ಮಲ ಆ ಗಟ್ಟಿ ಮುದ್ದೆಯ ಸುತ್ತಲಿಂದ ಸೋರುತ್ತದೆ. ನೋಡಿದವರು ಭೇದಿ ಎಂದುಕೊಂಡು ಭೇದಿಗೆ ಔಷಧ ಕೊಟ್ಟರೆ ಒಳಗಿನ ಕಟ್ಟು ಇನ್ನೂ ಬಿಗಿಯುತ್ತದೆ.

ನಮಾಝಿನ ಹೊತ್ತಾಗಿದೆ, ಚಾಪೆಯ ಮೇಲೆ ಮಗು ಕೂತಿತ್ತು, ನಿಮ್ಮ ಬಟ್ಟೆಗೂ ತಾಗಿದೆ. ದಿನಕ್ಕೆ ಐದು ಸಲವೂ ಇದೇ ಭಯ. ಸಿಟ್ಟು ಬರುವುದು ಸಹಜ. ಆದರೆ ಆ ಮಗು ಬೇಕೆಂದೇ ಮಾಡುತ್ತಿಲ್ಲ. ನಮಾಝಿಗೆಂದೇ ಒಂದು ಜೊತೆ ಬಟ್ಟೆ ಮತ್ತು ಚಾಪೆಯನ್ನು ಎತ್ತರದಲ್ಲಿ ಬೇರೆ ಇಡಿ, ಮಗುವಿಗೆ ಕೂರಲು ಒಗೆಯಬಹುದಾದ ಬೇರೆ ಬಟ್ಟೆ ಹಾಸಿ. ಶುದ್ಧಿಯ ವಿಷಯದಲ್ಲಿ ಸಂಶಯವಿದ್ದರೆ ತಿಳಿದ ಆಲಿಮರಲ್ಲಿ ಕೇಳಿದರೆ ಮನಸ್ಸು ಹಗುರಾಗುತ್ತದೆ. ಬೈಗುಳ ಹೆಚ್ಚಾದಷ್ಟೂ ಮಗು ಇನ್ನೂ ತಡೆದುಕೊಳ್ಳುತ್ತದೆ, ತಡೆದಷ್ಟೂ ಸೋರಿಕೆ ಹೆಚ್ಚುತ್ತದೆ.

ಹೊಟ್ಟೆ ಮುಟ್ಟಿ ನೋಡಿದರೆ ಡಾಕ್ಟರರಿಗೆ ಇದು ಬಹುಮಟ್ಟಿಗೆ ತಿಳಿಯುತ್ತದೆ. ಮೊದಲು ಕೂಡಿದ್ದನ್ನು ಹೊರಹಾಕಿಸಿ, ನಂತರ ಮಲ ಮೆದುವಾಗಿಡುವ ಔಷಧವನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಎರಡು ವಾರಕ್ಕೆ ಸರಿಯಾಯಿತೆಂದು ನಾವೇ ನಿಲ್ಲಿಸುವುದರಿಂದಲೇ ಅದು ಮರುಕಳಿಸುತ್ತದೆ. ಊಟವಾದ ಮೇಲೆ ಐದು ಹತ್ತು ನಿಮಿಷ ಶೌಚಕ್ಕೆ ಕೂರಿಸಿ. ಎತ್ತರದ ಕಮೋಡಾದರೆ ಕಾಲಿಗೆ ಆಧಾರವಾಗಿ ಒಂದು ಮಣೆ ಇರಲಿ. ಹಾಲು ದಿನಕ್ಕೆ ಅರ್ಧ ಲೀಟರಿನ ಒಳಗಿರಲಿ. ಅನ್ನ ಬಿಟ್ಟು ಹಾಲು ಬಿಸ್ಕತ್ತಿನಲ್ಲೇ ಬೆಳೆಯುವ ಮಕ್ಕಳಲ್ಲಿ ಈ ತೊಂದರೆ ಬಹಳ.

ಹಾಲು, ನೀರು

ದೀರ್ಘ ಭೇದಿಯಾದ ಮೇಲೆ ಕರುಳಿನ ಒಳಪದರ ಸವೆದು ಹಾಲಿನ ಸಕ್ಕರೆ ಕೆಲವು ವಾರ ಜೀರ್ಣವಾಗದಿರುವುದುಂಟು. ಹಾಲು ಕುಡಿದೊಡನೆ ಹೊಟ್ಟೆ ಗುಡುಗುಟ್ಟುತ್ತದೆ, ಹುಳಿ ವಾಸನೆಯ ನೀರು ಮಲ ಹೋಗುತ್ತದೆ. ಮೊಸರು ಇದಕ್ಕಿಂತ ಸುಲಭವಾಗಿ ಒಗ್ಗುತ್ತದೆ. ಕರುಳು ಚೇತರಿಸಿಕೊಂಡರೆ ಹಾಲೂ ಒಗ್ಗುತ್ತದೆ. ಹಾಲಿನ ಪ್ರೋಟೀನಿನ ಅಲರ್ಜಿ ಬೇರೆಯದೇ ಸಂಗತಿ. ಅದು ಹೆಚ್ಚಾಗಿ ಮೊದಲ ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ, ಮಲದಲ್ಲಿ ರಕ್ತದ ಎಳೆಯೂ ಇರಬಹುದು. ‘ಹಸುವಿನ ಹಾಲು ಆಗದಿದ್ದರೆ ಆಡಿನ ಹಾಲು ಕೊಡಿ’ ಎಂಬ ಸಲಹೆ ಇಲ್ಲಿ ಕೆಲಸ ಮಾಡದು, ಎರಡರ ಪ್ರೋಟೀನೂ ಹತ್ತಿರಹತ್ತಿರ ಒಂದೇ. ರಾಜ್ಯದಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಅಂಗನವಾಡಿಯಲ್ಲೂ ಮಕ್ಕಳಿಗೆ ಹಾಲು ಕೊಡುತ್ತಾರೆ. ಡಾಕ್ಟರ್ ಹಾಲು ನಿಲ್ಲಿಸಲು ಹೇಳಿದ್ದರೆ ಕಾರ್ಯಕರ್ತೆಗೆ ಬರೆದುಕೊಡಿ. ಎದೆಹಾಲನ್ನು ಮಾತ್ರ ಭೇದಿಯ ಕಾರಣಕ್ಕೆ ನಿಲ್ಲಿಸಬೇಡಿ.

ಇನ್ನು ನೀರು. ಮಳೆಗಾಲದಲ್ಲಿ ಕರಾವಳಿಯ ತೆರೆದ ಬಾವಿಗಳು ಕೈಗೆ ಸಿಗುವಷ್ಟು ತುಂಬುತ್ತವೆ. ಸುತ್ತಲ ನೆಲದ ನೀರೂ, ಕೆಲವೊಮ್ಮೆ ಶೌಚಗುಂಡಿಯ ಒಸರೂ ಅದರಲ್ಲಿ ಸೇರುತ್ತದೆ. ಜಿಯಾರ್ಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಕರುಳಿನಲ್ಲಿ ನೆಲೆಸಿದರೆ ವಾರಗಟ್ಟಲೆ ನಾರುವ, ಜಿಡ್ಡಿನ ಮಲ, ಉಬ್ಬರ, ಹಸಿವಿಲ್ಲದಿರುವಿಕೆ. ಹೊಟ್ಟೆಹುಳಕ್ಕೆಂದು ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿಯಲ್ಲಿ ಕೊಡುವ ಒಂದು ಮಾತ್ರೆಯಿಂದ ಇದು ಹೋಗುವುದಿಲ್ಲ, ಇದರ ಚಿಕಿತ್ಸೆ ಬೇರೆ. ‘ಹುಳದ ಔಷಧ ಕೊಟ್ಟಾಯಿತಲ್ಲ’ ಎಂದು ಕೈಬಿಡಬೇಡಿ. ಮಲಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಸಿಗದಿರಬಹುದು, ಬೇರೆ ಬೇರೆ ದಿನ ಮೂರು ಸಲ ಮಾದರಿ ಕೇಳಿದರೆ ಬೇಸರಿಸಬೇಡಿ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಗೆ ಈ ಜೀವಿ ಸುಲಭವಾಗಿ ಸಾಯುವುದಿಲ್ಲ. ನೀರು ಕುದಿದು ಗುಳ್ಳೆಯೆದ್ದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಯುತ್ತದೆ. ಮಗುವನ್ನು ತೊಳೆಸಿದ ಕೈಯನ್ನು ಬರಿ ನೀರಿನಲ್ಲಿ ಅಲ್ಲ, ಸೋಪಿನಲ್ಲಿ ತೊಳೆಯಿರಿ. ವುಝೂ ಮಾಡುತ್ತೇವಲ್ಲ, ಕೈ ಶುದ್ಧವೇ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ವುಝೂವಿನ ನೀರು ಸೋಪಿನ ಕೆಲಸ ಮಾಡುವುದಿಲ್ಲ.

ಕೆಲವು ಮಕ್ಕಳಿಗೆ ಕಾಯಿಲೆಯೇ ಇರುವುದಿಲ್ಲ. ತೂಕ ಸರಿಯಾಗಿ ಏರುತ್ತಿರುತ್ತದೆ, ಆಟ ಊಟ ಚೆನ್ನಾಗಿರುತ್ತದೆ, ಮಲ ಮಾತ್ರ ತೆಳು, ಅದರಲ್ಲಿ ಕ್ಯಾರೆಟ್ ಬಟಾಣಿ ಹಾಗೇ ಕಾಣುತ್ತದೆ. ಪೊಟ್ಟಣದ ಜ್ಯೂಸ್ ಮತ್ತು ಸಿಹಿ ಪಾನೀಯ ನಿಲ್ಲಿಸಿದರೆ ಅದು ಬಹುಪಾಲು ಸರಿಹೋಗುತ್ತದೆ.

ಗೋಧಿಯ ಬಗ್ಗೆ, ಮತ್ತು ಒಂದು ದೊಡ್ಡ ತಪ್ಪು

ಸೀಲಿಯಾಕ್ ಎಂಬ ಕಾಯಿಲೆಯಲ್ಲಿ ಗೋಧಿ ಮತ್ತು ಜವೆಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನಿಗೆ ದೇಹ ತಿರುಗಿಬಿದ್ದು ತನ್ನದೇ ಕರುಳಿನ ಒಳಪದರವನ್ನು ಹಾಳುಮಾಡಿಕೊಳ್ಳುತ್ತದೆ. ಮಗು ತಿನ್ನುತ್ತದೆ, ಆದರೆ ಮೈಗೆ ಹತ್ತುವುದಿಲ್ಲ. ಉಬ್ಬಿದ ಹೊಟ್ಟೆ, ಸೊರಗಿದ ಪೃಷ್ಠ, ಎಷ್ಟು ಟಾನಿಕ್ ಕೊಟ್ಟರೂ ಏರದ ರಕ್ತ, ನಿಂತ ಎತ್ತರ. ಇದು ಉತ್ತರ ಭಾರತದ ಕಾಯಿಲೆ ಎಂಬ ಮಾತಿದೆ, ಅದರಲ್ಲಿ ಸತ್ಯವೂ ಇದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರದ ವಯಸ್ಕರಲ್ಲಿ ಶೇ. 1.23 ಮಂದಿಯ ರಕ್ತದಲ್ಲಿ ಇದರ ಪ್ರತಿಕಾಯಗಳು ಕಂಡರೆ ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಮಾತ್ರ. ಆದರೆ ಅಪರೂಪ ಎಂದರೆ ಇಲ್ಲವೆಂದಲ್ಲ. ಅಪರೂಪವಾದ್ದರಿಂದಲೇ ನಮ್ಮ ಕಡೆ ಅದು ಬೇಗ ಯಾರ ನೆನಪಿಗೂ ಬರುವುದಿಲ್ಲ. ‘ನಾವು ಅನ್ನ ಮೀನು ತಿನ್ನುವವರು, ಗೋಧಿ ಎಲ್ಲಿ?’ ಎನ್ನುತ್ತೀರಿ. ಚಹಾದಲ್ಲಿ ಅದ್ದಿದ ರಸ್ಕ್ ಗೋಧಿ. ಪಾವ್, ಖಾರಿ, ಪರೋಟ, ರವೆಯ ಉಪ್ಪಿಟ್ಟು, ಅಂಗಡಿಯ ಸೇಮಿಗೆ ಎಲ್ಲವೂ ಗೋಧಿ. ‘ಶಕ್ತಿಗೆ’ ಎಂದು ಹಾಲಿಗೆ ಹಾಕುವ ಮಾಲ್ಟ್ ಪುಡಿಯಲ್ಲಿ ಜವೆಗೋಧಿ. ಡಬ್ಬಿಯ ಇಂಗಿಗೂ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ಇಷ್ಟು ಓದಿದ ಕೂಡಲೇ ‘ನಾಳೆಯಿಂದ ಗೋಧಿ ಬಂದ್’ ಎಂದು ನಿರ್ಧರಿಸಿದಿರಾ? ದಯವಿಟ್ಟು ಬೇಡ. ತಪ್ಪು ಆಗುವುದು ಇಲ್ಲಿಯೇ.

ಈ ಕಾಯಿಲೆಯನ್ನು ರಕ್ತದಲ್ಲಿರುವ ಪ್ರತಿಕಾಯಗಳಿಂದ ಪತ್ತೆ ಮಾಡುತ್ತಾರೆ, ಹಲವರಿಗೆ ಕರುಳಿನ ಚೂರು ತೆಗೆದು ನೋಡಬೇಕಾಗುತ್ತದೆ. ಗೋಧಿ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಪ್ರತಿಕಾಯ ಇಳಿಯುತ್ತದೆ, ಕರುಳು ಮಾಯತೊಡಗುತ್ತದೆ. ಆಗ ಪರೀಕ್ಷೆ ಮಾಡಿದರೆ ‘ಏನೂ ಇಲ್ಲ’ ಎಂದು ಬರಬಹುದು. ನಿಜ ತಿಳಿಯಲು ಚೇತರಿಸಿಕೊಂಡ ಮಗುವಿಗೆ ವಾರಗಟ್ಟಲೆ ಮತ್ತೆ ಗೋಧಿ ತಿನ್ನಿಸಿ, ಮತ್ತೆ ನೋವು ತರಿಸಬೇಕಾಗುತ್ತದೆ. ಸೀಲಿಯಾಕ್ ಎಂದು ತೀರ್ಮಾನವಾದರೆ ಪಥ್ಯ ಜೀವನಪರ್ಯಂತ. ಶಾಲೆಯಲ್ಲಿ, ಮದುವೆಮನೆಯಲ್ಲಿ, ಮುಂದೆ ಗಲ್ಫಿಗೆ ಕೆಲಸಕ್ಕೆ ಹೋದರೆ ಅಲ್ಲೂ. ಅಂಥ ಪಥ್ಯವನ್ನು ‘ಇರಬಹುದು’ ಎಂಬುದರ ಮೇಲೆ ಹೊರಿಸಲಾಗದು. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಮಗು ಎಂದಿನಂತೆ ತಿನ್ನಲಿ.

ಹಾಲು, ಗೋಧಿ, ಮೊಟ್ಟೆ, ಮೀನು ಎಂದು ಒಂದೊಂದಾಗಿ ನಿಲ್ಲಿಸುತ್ತಾ ಹೋಗುವ ಮನೆಗಳೂ ಇವೆ. ಕೊನೆಗೆ ಮಗುವಿನ ತಟ್ಟೆಯಲ್ಲಿ ಗಂಜಿ ತಿಳಿ ಮಾತ್ರ. ಆಗ ಮೂಲ ಕಾಯಿಲೆ ಯಾವುದು, ನಾವೇ ತಂದ ಅಪೌಷ್ಟಿಕತೆ ಯಾವುದು ಎಂದು ಬೇರ್ಪಡಿಸುವುದು ಡಾಕ್ಟರರಿಗೂ ಕಷ್ಟ. ಏನನ್ನಾದರೂ ನಿಲ್ಲಿಸಲು ಡಾಕ್ಟರ್ ಹೇಳಿದರೆ ಎರಡು ಪ್ರಶ್ನೆ ಕೇಳಿ: ಎಷ್ಟು ವಾರ? ಅದರ ಬದಲು ಏನು ಕೊಡಲಿ?

ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ಹಿಡಿದವರು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ನೆದರ್‌ಲ್ಯಾಂಡ್ಸಿನಲ್ಲಿ ಬ್ರೆಡ್ಡಿಗೆ ಬರ ಬಂದಿತ್ತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡವು. ಆದರೆ ಅವರಿಗೆ ಗೋಧಿಯ ಮೇಲೆ ಸಂಶಯ ಬಂದದ್ದು ಯುದ್ಧಕ್ಕೂ ಮೊದಲು. ಬ್ರೆಡ್ ಬಿಟ್ಟಾಗ ತನ್ನ ಮಗು ಸುಧಾರಿಸುತ್ತದೆ ಎಂದು ತಾಯಿಯೊಬ್ಬಳು ಹೇಳಿದ ಮಾತು ಅವರ ಕಿವಿಗೆ ಬಿದ್ದಿತ್ತು ಎನ್ನುತ್ತಾರೆ. ನಿಮ್ಮ ನೋಟ್‌ಬುಕ್ಕನ್ನು ಯಾರಾದರೂ ಹಗುರವಾಗಿ ನೋಡಿದರೆ ಇದನ್ನು ನೆನೆಸಿಕೊಳ್ಳಿ.

ಮನೆಯೊಳಗೆ

ಹೆಸರಿಲ್ಲದ ಕಾಯಿಲೆಗೆ ತಾಯಿಯನ್ನೇ ಕಾರಣ ಮಾಡುವುದು ಸುಲಭ. ‘ನೀನು ಸರಿಯಾಗಿ ತಿನ್ನಿಸುವುದಿಲ್ಲ’, ‘ನಿನ್ನ ಹಾಲಿನಲ್ಲೇ ಸತ್ವವಿಲ್ಲ.’ ಮಗುವಿನ ತಂದೆ ಮಸ್ಕತ್ತಿನಲ್ಲೋ ದಮ್ಮಾಮಿನಲ್ಲೋ ಇದ್ದರೆ ಫೋನಿನಲ್ಲಿ ಈ ದೂರು ಇನ್ನೂ ದೊಡ್ಡದಾಗಿ ತಲುಪುತ್ತದೆ. ತಂದೆಯರೇ, ದೂರದಲ್ಲಿದ್ದರೂ ನೀವು ಒಂದು ಕೆಲಸ ಮಾಡಬಹುದು. ಆ ನೋಟ್‌ಬುಕ್ಕಿನ ಪುಟಗಳ ಫೋಟೋ ತರಿಸಿಕೊಂಡು ವಾರಕ್ಕೊಮ್ಮೆ ಓದಿ. ಓದಿದವರು ಹೆಂಡತಿಯನ್ನು ಬೈಯಲಾರರು.

ದುಆ ಮಾಡಿ, ಹಿರಿಯರಿಂದ ಮಾಡಿಸಿ. ಅದರಿಂದ ಆಸ್ಪತ್ರೆಯ ಬಸ್ಸು ತಪ್ಪದಿದ್ದರೆ ಸಾಕು. ಹೊಟ್ಟೆಗೆ ಬರೆ ಹಾಕಿಸುವ ಪದ್ಧತಿ ನಮ್ಮ ರಾಜ್ಯದ ಕೆಲವೆಡೆ ಇನ್ನೂ ಸತ್ತಿಲ್ಲ. ಅದನ್ನು ಯಾರು ಹೇಳಿದರೂ ಒಪ್ಪಬೇಡಿ. ಜೇನು ಹೊಟ್ಟೆಗೆ ಒಳ್ಳೆಯದೆಂದು ನಮ್ಮಲ್ಲಿ ಪ್ರೀತಿಯಿಂದ ಕೊಡುತ್ತಾರೆ, ಆದರೆ ಒಂದು ವರ್ಷದೊಳಗಿನ ಕೂಸಿಗೆ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಗಳು ಅಷ್ಟು ಎಳೆಯ ಕರುಳಿನಲ್ಲಿ ಮೊಳೆತು ನಂಜಾಗುವ ಅಪಾಯವಿದೆ.

ಒಂದು ವೇಳೆ ಗೋಧಿಯೇ ಕಾರಣ ಎಂದು ಖಚಿತವಾದರೆ, ನಾವು ಕರಾವಳಿಯವರು ಅದೃಷ್ಟವಂತರು. ಪಂಜಾಬಿನ ತಾಯಿಗೆ ರೊಟ್ಟಿಯಿಲ್ಲದ ಊಟ ಹೊಸದಾಗಿ ಕಲಿಯಬೇಕು, ನಮಗೆ ಅಡುಗೆಮನೆಯಲ್ಲೇ ಎಲ್ಲ ಇದೆ. ಕುಚ್ಚಲಕ್ಕಿ ಗಂಜಿ, ಅಕ್ಕಿರೊಟ್ಟಿ, ತೆಳ್ಳೇವು, ಮೀನು ಸಾರು, ರಾಗಿ ಅಂಬಲಿ, ಬಾಳೆಹಣ್ಣು. ಈದಿನ ಶೀರ್ ಖುರ್ಮಾಕ್ಕೆ ಸೇಮಿಗೆಯ ಬದಲು ಒತ್ತಿದ ಅಕ್ಕಿ ಶಾವಿಗೆ ಹಾಕಿ. ಆ ಒಂದು ಪಾತ್ರೆ ಮನೆಯವರೆಲ್ಲರಿಗೂ ಇರಲಿ, ಮಗುವಿಗೆಂದು ಬೇರೆ ಮಾಡಿ ಮೂಲೆಯಲ್ಲಿ ಕೂರಿಸಿ ತಿನ್ನಿಸುವುದು ಬೇಡ. ಹರೀಸ್, ಹಲೀಮ್ ಮಾತ್ರ ಗೋಧಿಯದೇ. ಪೊಟ್ಟಣದ ತಿನಿಸಿನ ಮೇಲೆ ‘ಗ್ಲುಟೆನ್ ಮುಕ್ತ’ ಎಂದು ಮುದ್ರಿಸಲು ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿದೆ. ಅಂಥ ದುಬಾರಿ ಬಿಸ್ಕತ್ತು ಅಂಕೋಲಾದ ಅಂಗಡಿಯಲ್ಲಿ ಸಿಗದಿದ್ದರೂ ನಷ್ಟವಿಲ್ಲ.

ಮುಂದಿನ ಸಲ ಕಾರವಾರಕ್ಕೋ ಹುಬ್ಬಳ್ಳಿಗೋ ಹೊರಡುವಾಗ ಚೀಲದಲ್ಲಿ ಇವು ಇರಲಿ: ತಾಯಿ ಕಾರ್ಡ್, ನೋಟ್‌ಬುಕ್, ಹಳೆಯ ಚೀಟಿಗಳೆಲ್ಲ ತಾರೀಕಿನ ಕ್ರಮದಲ್ಲಿ, ರೇಷನ್ ಕಾರ್ಡ್ ಮತ್ತು ಆಧಾರ್, ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿ, ಎರಡು ಜೊತೆ ಬಟ್ಟೆ, ಓ.ಆರ್.ಎಸ್. ಪೊಟ್ಟಣ, ಕುದಿಸಿ ಆರಿಸಿದ ನೀರು. ನಿಮಗೂ ತಿನ್ನಲು ಏನಾದರೂ ಇಟ್ಟುಕೊಳ್ಳಿ. ಮಗುವಿನ ಹೊಟ್ಟೆಯ ಚಿಂತೆಯಲ್ಲಿ ತಾಯಂದಿರು ಬೆಳಗಿನಿಂದ ಏನೂ ತಿನ್ನದೆ ಸಾಲಿನಲ್ಲಿ ನಿಂತಿರುತ್ತಾರೆ.